ಉಸಿರು ನಿಂತ ನಾಯಿ, ವಿಷ ತಿಂದ ಬೆಕ್ಕು: ಡಾಕ್ಟರ ಬಳಿ ತಲುಪುವ ಮೊದಲು
ಸಾಕುಪ್ರಾಣಿ ಅಂಕಣ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತುರ್ತು ಹೊತ್ತಿನ ಬಗ್ಗೆಯೇ ಇವೆ. ಆರಿಸಿದ ಎಂಟಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಒಂದು ಲ್ಯಾಬ್ರಡಾರ್, ಒಂದು ಬುಲ್‌ಡಾಗ್, ಒಂದು ಬೆಕ್ಕು ಇವೆ. ಊರಿನ ತೋಟದಲ್ಲಿ ಮುಧೋಳ ನಾಯಿ ಇದೆ. ಇವುಗಳ ಉಸಿರು ನಿಂತುಹೋದರೆ ಮನುಷ್ಯರಿಗೆ ಮಾಡುವ ಹಾಗೆ ಎದೆ ಒತ್ತಬಹುದೇ? ಎಲ್ಲದಕ್ಕೂ ಒಂದೇ ಕ್ರಮವೇ?
(ಮೈಸೂರಿನ ಓದುಗರು)

ಉತ್ತರ: ಒತ್ತಬಹುದು ಮಾತ್ರವಲ್ಲ, ಒತ್ತಲೇಬೇಕು. ಆದರೆ ಒತ್ತುವ ಜಾಗ ಎದೆಗೂಡಿನ ಆಕಾರಕ್ಕೆ ತಕ್ಕಂತೆ ಬದಲಾಗುತ್ತದೆ. ನೀವು ಹೇಳಿದ ನಾಲ್ಕು ಪ್ರಾಣಿಗಳಿಗೆ ನಾಲ್ಕು ಬೇರೆ ವಿಧಾನ.

ಮೊದಲು ಹೆಸರು ಹಿಡಿದು ಜೋರಾಗಿ ಕೂಗಿ, ಮೈ ತಟ್ಟಿ. ಅಲುಗಾಡದಿದ್ದರೆ ಎದೆ ಏರಿಳಿಯುತ್ತಿದೆಯೇ ನೋಡಿ, ಬಾಯಿ ತೆರೆದು ಒಳಗೆ ಏನಾದರೂ ಅಡ್ಡ ಸಿಕ್ಕಿದೆಯೇ ನೋಡಿ. ಇಷ್ಟಕ್ಕೆಲ್ಲ ಸೇರಿ 10ರಿಂದ 15 ಸೆಕೆಂಡು ಸಾಕು. ತೊಡೆಯ ಸಂದಿಯಲ್ಲಿ ನಾಡಿ ಹುಡುಕುತ್ತಾ ಕೂರಬೇಡಿ. ಅನುಭವಸ್ಥರಿಗೂ ಆ ಗಾಬರಿಯಲ್ಲಿ ತಮ್ಮದೇ ಬೆರಳಿನ ಬಡಿತ ನಾಯಿಯದು ಅನ್ನಿಸಿಬಿಡುತ್ತದೆ. ಎಚ್ಚರವಿಲ್ಲ, ಉಸಿರಿಲ್ಲ ಎಂದಾದರೆ ಒತ್ತಲು ಶುರುಮಾಡಿ. ಮಿಡಿಯುತ್ತಿರುವ ಹೃದಯವನ್ನು ತಪ್ಪಾಗಿ ಒತ್ತಿದರೆ ಆಗುವ ಹಾನಿ ಕಡಿಮೆ, ನಿಂತ ಹೃದಯವನ್ನು ಒತ್ತದೆ ಬಿಟ್ಟರೆ ಪ್ರಾಣವೇ ಹೋಗುತ್ತದೆ. ಒಂದು ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ: ಹೃದಯ ನಿಂತ ಮೇಲೂ ಪ್ರಾಣಿ ಆಗೊಮ್ಮೆ ಈಗೊಮ್ಮೆ ಬಾಯಿ ದೊಡ್ಡದಾಗಿ ತೆರೆದು, ಕತ್ತು ಹಿಂದಕ್ಕೆಳೆದು ಗಕ್ಕನೆ ಗಾಳಿ ಎಳೆಯುತ್ತದೆ. ಅದನ್ನು ಉಸಿರಾಟ ಎಂದು ತಿಳಿದು ಕೈ ಬಿಡಬೇಡಿ.

ಸೋಫಾ, ಹಾಸಿಗೆ ಬೇಡ, ನೆಲದ ಮೇಲೆ ಮಲಗಿಸಿ. ಮೆತ್ತನೆಯ ಜಾಗದಲ್ಲಿ ನೀವು ಹಾಕಿದ ಬಲವೆಲ್ಲ ಹಾಸಿಗೆಗೆ ಹೋಗುತ್ತದೆ. ಲ್ಯಾಬ್ರಡಾರ್‌ನಂಥ ದುಂಡು ಎದೆಯ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಎದೆ ಎಲ್ಲಿ ಅತ್ಯಂತ ಅಗಲವಾಗಿದೆಯೋ ಅಲ್ಲಿ ಒತ್ತಿ. ಮುಧೋಳ, ಡಾಬರ್‌ಮನ್‌ನಂಥ ಕಿರಿದಾದ, ಆಳವಾದ ಎದೆಯ ನಾಯಿಗೆ ನೇರ ಹೃದಯದ ಮೇಲೆಯೇ ಒತ್ತಬೇಕು. ಮುಂಗಾಲನ್ನು ಮಡಚಿದಾಗ ಮೊಣಕೈ ಎದೆಗೆ ತಾಗುವ ಜಾಗವೇ ಅದು. ಬುಲ್‌ಡಾಗ್‌ನ ಎದೆ ಚಪ್ಪಟೆ, ಅಗಲ ಹೆಚ್ಚು. ಅದನ್ನು ಅಂಗಾತ ಮಲಗಿಸಿ ಎದೆಮೂಳೆಯ ಮೇಲೆ ಒತ್ತಿ. ಪಕ್ಕಕ್ಕೆ ವಾಲುತ್ತಿದ್ದರೆ ಇನ್ನೊಬ್ಬರು ಹಿಡಿದುಕೊಳ್ಳಲಿ. ಬೆಕ್ಕಿಗೆ ಮತ್ತು ಪುಟ್ಟ ನಾಯಿಗೆ ಒಂದೇ ಕೈ ಸಾಕು: ಮೊಣಕೈಗಳ ಹಿಂದೆ ಎದೆಯ ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಉಳಿದ ಬೆರಳುಗಳು ಬರುವಂತೆ ಕೆಳಗಿನಿಂದ ಹಿಡಿದು ಅದುಮಬೇಕು.

ವೇಗ ನಿಮಿಷಕ್ಕೆ 100ರಿಂದ 120. ಆಳ, ಮಗ್ಗುಲಾಗಿ ಮಲಗಿದ ಪ್ರಾಣಿಗೆ ಎದೆಯ ಅಗಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ. ಅಂಗಾತ ಮಲಗಿದ ಬುಲ್‌ಡಾಗ್‌ಗೆ ಎದೆಯ ಎತ್ತರದ ಕಾಲುಭಾಗ. ದೊಡ್ಡ ನಾಯಿಗಾದರೆ ಒಂದು ಕೈಯ ಮೇಲೆ ಇನ್ನೊಂದನ್ನಿಟ್ಟು, ಮೊಣಕೈ ಮಡಚದೆ, ನಿಮ್ಮ ಸೊಂಟದ ಮೇಲಿನ ಭಾರದಿಂದ ಒತ್ತಿ. ತೋಳಿನ ಬಲದಿಂದ ಒತ್ತುವವರು ಒಂದೇ ನಿಮಿಷಕ್ಕೆ ಸೋತುಹೋಗುತ್ತಾರೆ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಿ, ಹೃದಯಕ್ಕೆ ರಕ್ತ ತುಂಬುವುದು ಆಗಲೇ. ಸುಸ್ತಾದವರು ಕೈಯನ್ನು ಪೂರ್ತಿ ಎತ್ತದೆ ಎದೆಯ ಮೇಲೇ ಭಾರ ಬಿಡುತ್ತಾರೆ. ಆಳ, ವೇಗ ಎರಡೂ ಸರಿಯಿದ್ದರೂ ಆಗ ರಕ್ತ ಹರಿಯುವುದಿಲ್ಲ.

30 ಸಲ ಒತ್ತಿ, 2 ಸಲ ಉಸಿರು ಕೊಡಿ. ಬಾಯಿ ಮುಚ್ಚಿಸಿ, ತುಟಿಗಳ ಸುತ್ತ ಗಾಳಿ ಸೋರದಂತೆ ಕೈಯಿಂದ ಬಿಗಿಹಿಡಿದು, ಕತ್ತನ್ನು ಬೆನ್ನಿನ ನೇರಕ್ಕೆ ಚಾಚಿ, ನಿಮ್ಮ ಬಾಯನ್ನು ಅದರ ಮೂಗಿನ ಹೊಳ್ಳೆಗಳ ಮೇಲಿಟ್ಟು ಒಂದು ಸೆಕೆಂಡು ಊದಿ. ಎದೆ ಏರಿದ್ದು ಕಂಡರೆ ಸಾಕು. ಬೆಕ್ಕಿಗೆ ನಿಮ್ಮ ಕೆನ್ನೆಯಲ್ಲಿ ಹಿಡಿಸುವಷ್ಟು ಗಾಳಿಯೇ ಸಾಕು, ಹೆಚ್ಚು ಊದಿದರೆ ಶ್ವಾಸಕೋಶಕ್ಕೆ ಪೆಟ್ಟು, ಹೊಟ್ಟೆಯೂ ಉಬ್ಬುತ್ತದೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ, ಆ ಕ್ಷಣದಲ್ಲಿ ಮಾತ್ರ ಉಸಿರು ಮರಳಿದೆಯೇ ನೋಡಿ. ಪಶುವೈದ್ಯ ತಜ್ಞರು 2012ರಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ ‘ರಿಕವರ್’ ಮಾರ್ಗಸೂಚಿಯ ಕ್ರಮವಿದು.

ಪ್ರಶ್ನೆ: ಹೀಗೆ ಮಾಡಿದರೆ ಎಷ್ಟು ಪ್ರಾಣಿಗಳು ಬದುಕುತ್ತವೆ? ಎಷ್ಟು ಹೊತ್ತು ಒತ್ತಬೇಕು?
(ಶಿವಮೊಗ್ಗದ ಓದುಗರು)

ಉತ್ತರ: ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ. ಎಲ್ಲ ಸೌಲಭ್ಯವಿರುವ ಆಸ್ಪತ್ರೆಯೊಳಗೇ ಹೃದಯ ನಿಂತ ನಾಯಿ, ಬೆಕ್ಕುಗಳಲ್ಲೂ ಮನೆಗೆ ಮರಳುವವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅರಿವಳಿಕೆ ಕೊಟ್ಟಾಗ ನಿಂತವುಗಳಲ್ಲಿ ಮಾತ್ರ ಇದು ಎಷ್ಟೋ ಮೇಲು. ಮನೆಯಲ್ಲಿ ವಯಸ್ಸಾದ, ಕ್ಯಾನ್ಸರೋ ಕಿಡ್ನಿ ವೈಫಲ್ಯವೋ ಇರುವ ನಾಯಿಯ ಹೃದಯ ನಿಂತರೆ ಅದನ್ನು ನೆಮ್ಮದಿಯಾಗಿ ಹೋಗಲು ಬಿಡುವುದೇ ಒಳ್ಳೆಯದು. ನೀರಿನಲ್ಲಿ ಮುಳುಗಿದ್ದು, ಗಂಟಲಲ್ಲಿ ಏನೋ ಸಿಕ್ಕಿಕೊಂಡದ್ದು, ಕರೆಂಟ್ ಹೊಡೆದದ್ದು, ಹಾವು ಕಚ್ಚಿದ್ದು ಬೇರೆ ಮಾತು. ಅಲ್ಲಿ ಹೃದಯ ಗಟ್ಟಿಯಾಗಿಯೇ ಇರುತ್ತದೆ, ಮಾಡುವ ಪ್ರಯತ್ನಕ್ಕೆ ಬೆಲೆ ಇದೆ. ಒಬ್ಬರು ಗಾಡಿ ಓಡಿಸಲು, ಒಬ್ಬರು ಒತ್ತಲು ಇದ್ದರೆ ಹೊರಟುಬಿಡಿ, ದಾರಿಯುದ್ದಕ್ಕೂ ಒತ್ತುತ್ತಿರಿ. 20 ನಿಮಿಷವಾದರೂ ಯಾವ ಬದಲಾವಣೆಯೂ ಕಾಣದಿದ್ದರೆ ನಿಲ್ಲಿಸಬಹುದು. ಕರೆಂಟ್ ವಿಷಯದಲ್ಲಿ ಒಂದು ಮಾತು: ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಮುಟ್ಟಿ. ವೈರು ಕಚ್ಚಿದ ಮರಿ ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಿ, ಶ್ವಾಸಕೋಶದಲ್ಲಿ ನೀರು ಕೂಡುವುದು ಕೆಲವು ಗಂಟೆಗಳ ನಂತರವೂ ಶುರುವಾಗಬಹುದು.

ಪ್ರಶ್ನೆ: ನಮ್ಮ ನಾಯಿ ಮಾವಿನ ವಾಟೆಯನ್ನು ಕಚ್ಚಿಕೊಂಡು ಓಡುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡರೆ ಬೆರಳು ಹಾಕಿ ತೆಗೆಯಬಹುದೇ?
(ಕೋಲಾರದ ಓದುಗರು)

ಉತ್ತರ: ಕಣ್ಣಿಗೆ ಕಂಡರೆ ಮಾತ್ರ. ಕಾಣದ್ದನ್ನು ತಡಕಾಡಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಇನ್ನೊಂದು ಅಪಾಯವೂ ಇದೆ: ನಾಲಿಗೆಯ ಬುಡದಲ್ಲಿ ಗಂಟಲಿನದೇ ಸಣ್ಣ ಮೂಳೆಗಳಿವೆ. ಬೆರಳಿಗೆ ಅವು ಥೇಟ್ ಕೋಳಿಮೂಳೆಯಂತೆ ಗಟ್ಟಿಯಾಗಿ ಸಿಗುತ್ತವೆ. ಅದನ್ನೇ ಹಿಡಿದು ಎಳೆದು ಗಂಟಲನ್ನು ಹರಿದವರಿದ್ದಾರೆ. ಟಾರ್ಚ್ ಹಿಡಿಸಿ, ನಾಲಿಗೆಯನ್ನು ಬಟ್ಟೆಯಿಂದ ಹಿಡಿದು ಮುಂದಕ್ಕೆಳೆದು ನೋಡಿ.

ನಾಯಿ ಕೆಮ್ಮುತ್ತಿದ್ದರೆ ಗಾಳಿ ಆಡುತ್ತಿದೆ ಎಂದರ್ಥ. ಬಾಯಿಗೆ ಕೈ ಹಾಕದೆ ಕೆಮ್ಮಲು ಬಿಟ್ಟು, ಹೊರಟುಬಿಡಿ. ಸದ್ದೇ ಇಲ್ಲದೆ ಒದ್ದಾಡುತ್ತಾ ನಾಲಿಗೆ ನೀಲಿಯಾಗುತ್ತಿದ್ದರೆ ಸಣ್ಣ ನಾಯಿಯನ್ನು ಹಿಂಗಾಲು ಹಿಡಿದು ತಲೆ ಕೆಳಗಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ನಾಲ್ಕೈದು ಸಲ ಬಲವಾಗಿ ತಟ್ಟಿ. ದೊಡ್ಡ ನಾಯಿಯಾದರೆ ಹಿಂದೆ ನಿಂತು, ಕೊನೆಯ ಪಕ್ಕೆಲುಬುಗಳ ಹಿಂದೆ ಹೊಟ್ಟೆಯ ಸುತ್ತ ಕೈ ಹಾಕಿ, ಮುಷ್ಟಿಯಿಂದ ಮೇಲಕ್ಕೂ ಮುಂದಕ್ಕೂ ಐದು ಸಲ ಥಟ್ಟನೆ ಎಳೆಯಿರಿ. ರಬ್ಬರ್ ಚೆಂಡು ಸಿಕ್ಕಿದ್ದರೆ ಬಾಯೊಳಗಿಂದ ಬೆರಳು ಜಾರುತ್ತದೆ. ನಾಯಿಯನ್ನು ಅಂಗಾತ ಮಲಗಿಸಿ, ಹೊರಗಿನಿಂದ, ಗಲ್ಲದ ಕೆಳಗೆ ಎರಡೂ ಹೆಬ್ಬೆರಳಿಟ್ಟು ಚೆಂಡನ್ನು ಬಾಯಿಯ ಕಡೆಗೆ ತಳ್ಳಿದರೆ ಬರುತ್ತದೆ. ಎಚ್ಚರ ತಪ್ಪಿದರೆ ಎದೆ ಒತ್ತಲು ಶುರುಮಾಡಿ. ಆ ಒತ್ತಡಕ್ಕೇ ಎಷ್ಟೋ ಸಲ ಸಿಕ್ಕಿದ್ದು ಹೊರಬರುತ್ತದೆ.

ವಾಟೆ ನುಂಗಿಬಿಟ್ಟರೆ ಉಸಿರುಗಟ್ಟದಿದ್ದರೂ ಸುಮ್ಮನಿರಬೇಡಿ, ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಮೂರು ದಿನ ಬಿಟ್ಟು ವಾಂತಿ ಶುರುವಾದಾಗ ಆಪರೇಷನ್ನೇ ಗತಿ.

ಪ್ರಶ್ನೆ: ಅಡಿಕೆ ತೋಟದಲ್ಲಿ ನಾಯಿಗೆ ನಾಗರಹಾವು ಕಚ್ಚಿದರೆ ಕಾಲಿಗೆ ಹಗ್ಗ ಬಿಗಿಯುವುದು, ನಾಟಿ ಔಷಧಿ ಕುಡಿಸುವುದು ನಮ್ಮ ಕಡೆ ರೂಢಿ. ಪಶು ಆಸ್ಪತ್ರೆ ಒಂದು ಗಂಟೆ ದೂರ. ಏನು ಮಾಡಬೇಕು?
(ಸಿದ್ದಾಪುರದ ಓದುಗರು)

ಉತ್ತರ: ಹಗ್ಗವೂ ಬೇಡ, ಬ್ಲೇಡೂ ಬೇಡ, ಔಷಧಿಯೂ ಬೇಡ. ನಾಗರದ ವಿಷ ನರಗಳನ್ನು ಸೋಲಿಸುತ್ತದೆ, ನುಂಗುವ ಶಕ್ತಿಯೂ ಹೋಗುತ್ತದೆ. ಆ ಹೊತ್ತಿನಲ್ಲಿ ಬಾಯಿಗೆ ಹುಯ್ದ ಕಷಾಯ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾವಿನಿಂದ ಬದುಕಬಹುದಾಗಿದ್ದ ನಾಯಿ ಕಷಾಯದಿಂದ ಸಾಯುತ್ತದೆ.

ನಾಯಿ ಹಾವನ್ನು ಮೂಸಲು ಹೋಗುವುದರಿಂದ ಕಡಿತ ಹೆಚ್ಚಾಗಿ ಮೂತಿಗೆ ಇಲ್ಲವೇ ಮುಂಗಾಲಿಗೆ. ಹಾಗಾಗಿ ಮೊದಲು ಕೊರಳಪಟ್ಟಿ ಬಿಚ್ಚಿ. ಮೂತಿ ಊದಿ ಊತ ಗಂಟಲಿಗಿಳಿದಾಗ ಅದೇ ಪಟ್ಟಿ ಉರುಳಾಗುತ್ತದೆ. ನಡೆಸಬೇಡಿ, ಎತ್ತಿಕೊಂಡು ಹೋಗಿ. ನಡೆದಷ್ಟೂ ವಿಷ ಬೇಗ ಹರಡುತ್ತದೆ. ಹಾವನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಹೊತ್ತು ಇದಲ್ಲ, ದೂರದಿಂದ ಫೋಟೊ ಸಿಕ್ಕರೆ ಸಾಕು. ಹೊರಡುವ ಮೊದಲೇ ಫೋನ್ ಮಾಡಿ ವಿಷನಿರೋಧಕ ಇದೆಯೇ ಕೇಳಿ. ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಅದು ಮುಗಿದಿರುತ್ತದೆ. ಇಲ್ಲ ಎಂದಾದರೆ ಮನುಷ್ಯರ ಔಷಧದಂಗಡಿಯಲ್ಲಿ ಕೊಂಡು ತರಿಸುವ ವ್ಯವಸ್ಥೆಯನ್ನು ಡಾಕ್ಟರರ ಜೊತೆ ಫೋನಿನಲ್ಲೇ ಮಾತಾಡಿಕೊಳ್ಳಿ. ಔಷಧ ಇಬ್ಬರಿಗೂ ಒಂದೇ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ, ಕುದುರೆಯ ರಕ್ತದಿಂದ ತಯಾರಾದ ಔಷಧ. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಅದು ತಯಾರಾದದ್ದಲ್ಲ. ‘ಸಣ್ಣ ನಾಯಿ, ಅರ್ಧ ವಯಲ್ ಸಾಕಲ್ಲವೇ’ ಎಂದು ಕೇಳುವವರಿದ್ದಾರೆ. ಸಾಲದು. ಔಷಧ ಎದುರಿಸುವುದು ಹಾವು ಬಿಟ್ಟ ವಿಷವನ್ನು, ಅದರ ಪ್ರಮಾಣ ನಾಯಿಯ ತೂಕ ನೋಡಿ ಕಡಿಮೆಯಾಗುವುದಿಲ್ಲ.

ಈಗ ಆ ಒಂದು ಗಂಟೆಯ ದಾರಿ. ರೆಪ್ಪೆ ಜೋತು, ಕಾಲು ಬಲ ಕಳೆದು, ಜೊಲ್ಲು ಸುರಿದು, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆಗಲೂ ಹೃದಯ ಮಿಡಿಯುತ್ತಿರುತ್ತದೆ. ಎಡಗಡೆ ಮೊಣಕೈಯ ಹಿಂದೆ ಅಂಗೈಯಿಟ್ಟರೆ ಬಡಿತ ಸ್ಪಷ್ಟವಾಗಿ ಸಿಗುತ್ತಿದ್ದರೆ ಒತ್ತುವುದು ಬೇಡ, ಉಸಿರು ಮಾತ್ರ ಕೊಡಿ, ಆರು ಸೆಕೆಂಡಿಗೊಂದರಂತೆ ನಿಮಿಷಕ್ಕೆ 10. ಅನುಮಾನವಿದ್ದರೆ 30ಕ್ಕೆ 2ರ ಕ್ರಮವೇ ಸರಿ. ಇಂಥ ನಾಯಿ ಸತ್ತಂತೆ ಬಿದ್ದಿದ್ದರೂ ಸತ್ತಿರುವುದಿಲ್ಲ, ಗಾಳಿ ಸಿಗುತ್ತಿದ್ದರೆ ವಿಷದ ಹಿಡಿತ ಬಿಡುವವರೆಗೆ ಉಳಿಯುತ್ತದೆ. ತುರ್ತು ಚಿಕಿತ್ಸೆಯಲ್ಲಿ ಬಾಯಿಯ ಉಸಿರು ಇಷ್ಟು ನೇರವಾಗಿ ಪ್ರಾಣ ಉಳಿಸುವ ಸಂದರ್ಭ ಇನ್ನೊಂದು ಸಿಗುವುದು ಕಷ್ಟ. ಕೈ ಚೆಲ್ಲಬೇಡಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಮ್ಮ ಪಗ್ ಮಧ್ಯಾಹ್ನ ಏದುಸಿರು ಬಿಡುತ್ತಾ ಕುಸಿದು ಬಿತ್ತು. ಒದ್ದೆ ಟವೆಲ್ ಹೊದಿಸಿ ಆಸ್ಪತ್ರೆಗೆ ಒಯ್ದೆವು. ಮಾಡಿದ್ದು ಸರಿಯೇ?
(ಕಲಬುರಗಿಯ ಓದುಗರು)

ಉತ್ತರ: ಒಯ್ದದ್ದು ಸರಿ. ಟವೆಲ್ ಹೊದಿಸಿದ್ದು ಬೇಡವಾಗಿತ್ತು. ಮೈಗಂಟಿದ ಒದ್ದೆ ಬಟ್ಟೆ ಸ್ವಲ್ಪ ಹೊತ್ತಿಗೇ ಬಿಸಿಯಾಗಿ, ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿ, ಒಸಡು ಇಟ್ಟಿಗೆಗೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಮೊದಲು ತಂಪು ಮಾಡಿ, ಆಮೇಲೆ ಹೊರಡಿ. ನೆರಳಲ್ಲಿ ನಿಲ್ಲಿಸಿ ಚರ್ಮಕ್ಕೆ ತಾಗುವ ಹಾಗೆ ನೀರು ಸುರಿಯುತ್ತಾ ಫ್ಯಾನ್ ಹಾಕಿ, ಹೊಟ್ಟೆ, ಕಂಕುಳು, ತೊಡೆಸಂದಿಗೆ ಹೆಚ್ಚು ಸುರಿಯಿರಿ. ನಿಮ್ಮೂರಲ್ಲಿ ಗಮನಿಸಬೇಕಾದ್ದು: ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕಾದಿರುತ್ತದೆ. ಪೈಪಿಗೆ ನಾಯಿಯನ್ನು ಒಡ್ಡುವ ಮೊದಲು ಕೈಯಿಟ್ಟು ನೋಡಿ, ಸಂಪಿನ ನೀರು ಬಳಸಿ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಿರಿ, 103.5ಕ್ಕೆ ಬಂದ ಕೂಡಲೇ ನಿಲ್ಲಿಸಿ, ಇಲ್ಲದಿದ್ದರೆ ಮೈ ತೀರ ತಣ್ಣಗಾಗುತ್ತದೆ. ತಾನಾಗಿ ಕುಡಿದರೆ ನೀರು ಕೊಡಿ, ಸುರಿಯಬೇಡಿ. ಕಾರಿನಲ್ಲಿ ಎಸಿ ಹಾಕಿ ಇಲ್ಲವೇ ಕಿಟಕಿ ತೆರೆದಿಡಿ.

ಎದ್ದು ಬಾಲ ಆಡಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಕಿಡ್ನಿಯ ತೊಂದರೆ, ರಕ್ತ ಹೆಪ್ಪುಗಟ್ಟದಿರುವುದು ಕಾಣಿಸಿಕೊಳ್ಳುವುದು ಮುಂದಿನ ಒಂದೆರಡು ದಿನಗಳಲ್ಲಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಏದುಸಿರಿನಿಂದ ಕಾವು ಕಳೆದುಕೊಳ್ಳುವ ಶಕ್ತಿಯೇ ಕಡಿಮೆ. ಬಿಸಿಲೇರಿದ ಮೇಲೆ ವಾಕಿಂಗ್ ಬೇಡವೇ ಬೇಡ.

ಪ್ರಶ್ನೆ: ಇಲಿಪಾಷಾಣ ತಿಂದ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ? ಜ್ವರ ಬಂದ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಹುದೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಎರಡಕ್ಕೂ ಬೇಡ. ಉಪ್ಪುನೀರಿನಿಂದ ವಾಂತಿಯಾಗುವುದು ಖಾತ್ರಿಯಿಲ್ಲ, ಆಗದಿದ್ದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುತ್ತದೆ, ವಿಷದ ಜೊತೆ ಇನ್ನೊಂದು ವಿಷ ಕೊಟ್ಟ ಹಾಗಾಯಿತು. ತಿಂದು ಒಂದೆರಡು ಗಂಟೆಯೊಳಗೆ ಬಂದರೆ ಡಾಕ್ಟರು ಇಂಜೆಕ್ಷನ್ನಿನಿಂದ ವಾಂತಿ ಮಾಡಿಸುತ್ತಾರೆ. ಆಸಿಡ್, ಸೀಮೆಎಣ್ಣೆ ಕುಡಿದಿದ್ದರೆ ಅವರೂ ಮಾಡಿಸುವುದಿಲ್ಲ, ಮೇಲೆ ಬರುವಾಗ ಅನ್ನನಾಳವನ್ನು ಮತ್ತೆ ಸುಡುತ್ತದೆ, ಶ್ವಾಸಕೋಶಕ್ಕೂ ಸೇರುತ್ತದೆ.

ಯಾವ ಪಾಷಾಣ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪೊಟ್ಟಣ ತನ್ನಿ, ಹರಿದಿದ್ದರೂ ಸರಿ. ಬ್ರೋಮಾಡಿಯೊಲೋನ್ ಕೇಕ್ ತಿಂದ ನಾಯಿ ಎರಡು ಮೂರು ದಿನ ಆರಾಮಾಗಿಯೇ ಇರುತ್ತದೆ, ಆಮೇಲೆ ಒಳಗೊಳಗೇ ರಕ್ತಸ್ರಾವ. ವಿಟಮಿನ್ ಕೆ1 ಮೂರು ನಾಲ್ಕು ವಾರ ಬಿಡದೆ ಕೊಟ್ಟರೆ ಉಳಿಯುತ್ತದೆ. ಒಂದು ವಾರಕ್ಕೆ ‘ಹುಷಾರಾಯ್ತು’ ಎಂದು ನಿಲ್ಲಿಸಿ ಕಳೆದುಕೊಂಡವರು ಬಹಳ. ಬೂದುಗಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಬೇರೆಯೇ: ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ. ಏನಾದರೂ ತಿನ್ನಿಸಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಅನ್ನ, ಹಾಲು ಕೊಡಬೇಡಿ. ಆ ನಾಯಿ ಕಾರಿನಲ್ಲಿ ವಾಂತಿ ಮಾಡಿದರೆ ಕೊಳೆತ ಮೀನಿನಂಥ ವಾಸನೆ ಬರಬಹುದು. ಆ ಗಾಳಿ ನಿಮಗೂ ವಿಷ, ಕಿಟಕಿ ಎಲ್ಲ ತೆರೆಯಿರಿ.

ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆಂದೇ ಹೇಳಬೇಕು. 500 ಮಿಲಿಗ್ರಾಂನ ಒಂದೇ ಮಾತ್ರೆ ನಾಲ್ಕು ಕಿಲೋ ಬೆಕ್ಕನ್ನು ಕೊಲ್ಲುತ್ತದೆ. ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದುತ್ತವೆ. ಕೊಟ್ಟಾಗಿದ್ದರೆ ಮುಚ್ಚಿಡದೆ ಹೇಳಿ, ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಲಾಭ.

ಪ್ರಶ್ನೆ: ಬೈಕ್ ತಾಗಿ ಬಿದ್ದ ಬೀದಿನಾಯಿಗೂ ಬಾಯಿಯಿಂದ ಉಸಿರು ಕೊಡಬಹುದೇ?
(ಬೆಂಗಳೂರಿನ ಓದುಗರು)

ಉತ್ತರ: ದಯವಿಟ್ಟು ಬೇಡ. ರೇಬೀಸ್ ಲಸಿಕೆ ಆಗಿದೆಯೆಂದು ಗೊತ್ತಿಲ್ಲದ ನಾಯಿಯ ಜೊಲ್ಲು ನಿಮ್ಮ ಬಾಯಿಗೆ ತಾಗಿದರೆ ಅದನ್ನು ಕಚ್ಚಿದಷ್ಟೇ ಗಂಭೀರವಾದ ಮೂರನೇ ದರ್ಜೆಯ ಸಂಪರ್ಕವೆಂದು ಪರಿಗಣಿಸಬೇಕು. ಎದೆ ಮಾತ್ರ ಒತ್ತಿ, ಅದಕ್ಕೂ ಬೆಲೆಯಿದೆ. ಎಚ್ಚರವಿರುವ ಗಾಯಗೊಂಡ ನಾಯಿ ಎಷ್ಟೇ ಸಾಧುವಾಗಿದ್ದರೂ ನೋವಿಗೆ ಕಚ್ಚುತ್ತದೆ. ದುಪಟ್ಟಾದಿಂದ ಮೂತಿಗೆ ಒಂದು ಸುತ್ತು ಹಾಕಿ, ಗಲ್ಲದ ಕೆಳಗೆ ದಾಟಿಸಿ ಕಿವಿಯ ಹಿಂದೆ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಕಟ್ಟಬೇಡಿ, ಕಂಬಳಿಯನ್ನು ತಲೆಯ ಮೇಲೆ ಹಾಕಿ. ಬೆನ್ನು ಬಾಗದ ಹಾಗೆ ಹಲಗೆಯ ಇಲ್ಲವೇ ಬಿಗಿಹಿಡಿದ ಬೆಡ್‌ಶೀಟಿನ ಮೇಲೆ ಸರಿಸಿ ಎತ್ತಿ. ರಕ್ತ ಸುರಿಯುವ ಕಡೆ ಬಟ್ಟೆ ಒತ್ತಿಹಿಡಿದು ಐದು ನಿಮಿಷ ಎತ್ತಿ ನೋಡಬೇಡಿ. ಒದ್ದೆಯಾದರೆ ಅದರ ಮೇಲೆಯೇ ಇನ್ನೊಂದು.

ಕಚ್ಚಿದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಚರ್ಮದೊಳಗಿನ ಲಸಿಕೆಯಾದರೆ 0, 3, 7, 28ನೇ ದಿನಗಳಲ್ಲಿ. ಗಾಯವಾಗಿದ್ದರೆ ಅದರ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವೈರಸ್ಸನ್ನು ಎದುರಿಸುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮ ಮುಧೋಳ ನಾಯಿ ಮರಿಹಾಕಿದಾಗ ಒಂದೆರಡು ಮರಿ ಉಸಿರಾಡುವುದೇ ಇಲ್ಲ. ಹಿರಿಯರು ಕೈಯಲ್ಲಿ ಹಿಡಿದು ಬೀಸುತ್ತಿದ್ದರು.
(ಬಾಗಲಕೋಟೆಯ ಓದುಗರು)

ಉತ್ತರ: ಬೀಸಬೇಡಿ, ಮೆದುಳಲ್ಲಿ ರಕ್ತಸ್ರಾವವಾಗುತ್ತದೆ. ಮರಿಯ ಸುತ್ತಲಿನ ತೆಳು ಚೀಲ ಹರಿದು, ತಲೆ ತುಸು ಕೆಳಗಿರುವಂತೆ ಹಿಡಿದು, ಬಾಯಿ ಮೂಗಿನ ಲೋಳೆಯನ್ನು ಬಟ್ಟೆಯಿಂದ ಒರೆಸಿ, ಮಕ್ಕಳ ಮೂಗಿಗೆ ಬಳಸುವ ರಬ್ಬರ್ ಬಲ್ಬಿನಿಂದ ಹೀರಿ. ಮೊದಲು ಬಾಯಿ, ಆಮೇಲೆ ಮೂಗು. ನಂತರ ಒಣ ಟವೆಲಿನಲ್ಲಿ ಬೆನ್ನು, ಪಕ್ಕೆಗಳನ್ನು ಜೋರಾಗಿಯೇ ಉಜ್ಜಿ. ಮರಿಯ ಹೃದಯ ನಿಧಾನವಾಗುವುದು ಆಮ್ಲಜನಕ ಸಿಗದೆ, ಹೃದಯದ ದೋಷದಿಂದಲ್ಲ. ಹಾಗಾಗಿ ಇಲ್ಲಿ ಗಾಳಿಯೇ ಮೊದಲು. ಒಂದು ನಿಮಿಷ ಉಜ್ಜಿಯೂ ಉಸಿರಾಡದಿದ್ದರೆ ಅದರ ಬಾಯಿ ಮೂಗು ಎರಡನ್ನೂ ಸೇರಿಸಿ ನಿಮ್ಮ ಬಾಯಲ್ಲಿ ಹಿಡಿದು, ಎದೆ ಅಲುಗುವಷ್ಟು ಮಾತ್ರ ಮೆಲ್ಲಗೆ ಊದಿ. ಬಡಿತ ಸಿಗದಿದ್ದರೆ ಹೆಬ್ಬೆರಳು, ತೋರುಬೆರಳ ನಡುವೆ ಎದೆಯನ್ನು ಅದುಮಿ. 20 ನಿಮಿಷ ಬಿಡಬೇಡಿ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಒಂದು ಅಂಗುಲ ಬಿಟ್ಟು ದಾರದಿಂದ ಕಟ್ಟಿ ಕತ್ತರಿಸಿ. ನವಜಾತ ಮರಿಗೆ ನಡುಗಿ ಕಾವು ಹುಟ್ಟಿಸಿಕೊಳ್ಳಲು ಬಾರದು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಡಿ. ಮೈ ಬೆಚ್ಚಗಾಗುವ ಮೊದಲು ಹಾಲು ಕುಡಿಸಬೇಡಿ, ತಣ್ಣಗಿರುವ ಮರಿಯ ಕರುಳು ಕೆಲಸ ಮಾಡುವುದಿಲ್ಲ, ಹಾಲು ಹೊಟ್ಟೆಯಲ್ಲೇ ನಿಂತು ಉಬ್ಬರಿಸುತ್ತದೆ.